ಪೇಟೆಯ ಗೋಡೆಗೆ ಚಿತ್ರ ಬರೆಯುವ ಮೊದಲು ಕೆಳಗಿನ ಗಟಾರ ನೋಡೋಣ

ಶಿರಸಿ ಪೇಟೆ ಓಣಿಯವ

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯಲ್ಲಿ ಒಂದು ಉದ್ದದ ಕಾಂಪೌಂಡ್ ಗೋಡೆಗೆ ಚಿತ್ರ ಬರೆಸುವ ಮಾತು ನಡೆದಿದೆ. ಕೆಲವು ಅಂಗಡಿಯವರು, ಹುಡುಗರು ಸೇರಿ ದುಡ್ಡು ಕೂಡಿಸುತ್ತಿದ್ದಾರೆ. ಗೋಡೆಯ ಮಾಲೀಕರು ಒಪ್ಪಿದ್ದಾರೆ. ವಿಷಯ ನಮ್ಮ ಕಾಡು ಮತ್ತು ನಮ್ಮ ನದಿ. ಕೇಳಿದಾಗ ನನಗೆ ತುಂಬಾ ಖುಷಿಯಾಯಿತು.

ಮೊನ್ನೆ ಸಂಜೆ ಚಿತ್ರದ ಕರಡು ನೋಡಲು ಕರೆದರು. ನಡುವೆ ಅಪ್ಪಿಕೋ ಚಳವಳಿ. ಹೆಂಗಸರು, ಗಂಡಸರು ಮರ ಅಪ್ಪಿಕೊಂಡು ನಿಂತಿದ್ದಾರೆ. ಒಂದು ಬದಿಗೆ ಉಂಚಳ್ಳಿ ಜಲಪಾತ, ಇನ್ನೊಂದು ಬದಿಗೆ ಸಿಂಗಳೀಕ, ಮಂಗಟ್ಟೆ ಹಕ್ಕಿ. ಬರೆದ ಹುಡುಗನ ಕೈ ಚೆನ್ನಾಗಿದೆ. ಆದರೆ ಗೋಡೆಯ ಮುಂದೆ ಒಂದು ಹಳೆಯ ನೇರಳೆ ಮರ ಇದೆಯಲ್ಲ, ಅದರ ಎರಡು ಟೊಂಗೆ ತೆಗೆದರೆ ಚಿತ್ರ ರಸ್ತೆಯಿಂದ ಪೂರ್ತಿ ಕಾಣುತ್ತದೆ ಎಂದು ಒಬ್ಬರು ಹೇಳಿದರು. ಉಳಿದವರು ತಲೆಯಾಡಿಸಿದರು. ನನಗೆ ಮಾತೇ ಹೊರಡಲಿಲ್ಲ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಾಡಿಗೆ ನಡೆದು ಹೋಗಿ, ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡರು. ಅವರ ಚಿತ್ರ ಕಾಣಲಿ ಎಂದು ಮರದ ಟೊಂಗೆ ಕಡಿಯುವುದೇ?

ಇನ್ನೊಂದು ವಿಷಯ. ಗೋಡೆಯ ಬುಡದಲ್ಲೇ ಗಟಾರ ಇದೆ. ನಮ್ಮ ಓಣಿಯ ನೀರು ಇಳಿಜಾರಿನಲ್ಲಿ ಶಂಕರ ಹೊಂಡದ ಕಡೆಗೇ ಹೋಗುತ್ತದೆ. ಅಘನಾಶಿನಿ ಹೊಳೆಯ ಒಂದು ಮೂಲ ಇರುವುದು ಅಲ್ಲೇ. ಇನ್ನೊಂದು ಮಂಜುಗುಣಿ ಕಡೆಯಿಂದ ಬರುತ್ತದೆ. ಹಾಗಾದರೆ ಗೋಡೆಗೆ ಹಚ್ಚಿದ ಬಣ್ಣ ಉದುರಿದರೆ ಎಲ್ಲಿಗೆ ಹೋಗುತ್ತದೆ? ಬ್ರಷ್ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಸಭೆಯಲ್ಲಿ ಇದನ್ನು ಯಾರೂ ಕೇಳಲಿಲ್ಲ. ನಾನೂ ಅಲ್ಲಿ ಕೇಳಲಿಲ್ಲ, ಮನೆಗೆ ಬಂದ ಮೇಲೆ ಹೊಳೆಯಿತು. ಅದಕ್ಕೆ ಇಲ್ಲಿ ಬರೆದೆ.

ಚಿತ್ರ ಬೇಡ ಎನ್ನುವವನು ನಾನಲ್ಲ. ಬೇಕು. ಹೇಗೆ ಮಾಡಬಹುದು, ಹೇಳಿ.

ಬ್ರಷ್ ಕೆಲಸದವ

ನಾನು ಬೋರ್ಡ್ ಬರೆಯುತ್ತಾ ಈ ಕೆಲಸಕ್ಕೆ ಬಂದವನು. ಫ್ಲೆಕ್ಸ್ ಬಂದು ಬೋರ್ಡ್ ಬರೆಯುವವರ ಹೊಟ್ಟೆಗೆ ಹೊಡೆತ ಬಿತ್ತು. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. ಇನ್ನು ಕೈಗೆ ಕೆಲಸ ಬರುತ್ತದೆ ಎಂದು ಆಸೆ ಪಟ್ಟಿದ್ದೆವು. ಜಾಸ್ತಿ ಏನೂ ಬದಲಾಗಲಿಲ್ಲ. ಹಾಗಾಗಿ ಗೋಡೆ ಚಿತ್ರದ ಕೆಲಸ ಬಂದರೆ ನಮ್ಮಂಥವರಿಗೆ ಅದು ಅನ್ನದ ಮಾತು. ಇದನ್ನು ಮೊದಲು ಹೇಳಿಬಿಡುತ್ತೇನೆ.

ಈಗ ಬಣ್ಣದ ವಿಷಯ. ಹೊರಗೋಡೆಗೆ ಎಲ್ಲರೂ ಹಚ್ಚುವುದು ಅಕ್ರಿಲಿಕ್ ಎಮಲ್ಷನ್. ನೀರಿನಲ್ಲಿ ಕರಗಿಸುತ್ತೇವೆ, ವಾಸನೆ ಕಡಿಮೆ, ಆದ್ದರಿಂದ ನಿರಪಾಯ ಅನ್ನಿಸುತ್ತದೆ. ಒಣಗಿದ ಮೇಲೆ ಅದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ನಮ್ಮ ಕಡೆಯ ಹಳೆಯ ಗೋಡೆಗಳು ಹೆಚ್ಚಾಗಿ ಕೆಂಪುಕಲ್ಲಿನವು. ಕಲ್ಲು ಮಳೆಗಾಲದಲ್ಲಿ ನೆಲದಿಂದ ನೀರು ಹೀರುತ್ತದೆ. ಹೊರಗೆ ಹೋಗಲು ದಾರಿ ಸಿಗದೆ ಆ ನೀರು ಬಣ್ಣವನ್ನು ಒಳಗಿನಿಂದ ದೂಡುತ್ತದೆ. ಮೊದಲು ಬೊಬ್ಬೆ ಏಳುತ್ತದೆ, ಆಮೇಲೆ ಸಿಪ್ಪೆ ಸಿಪ್ಪೆಯಾಗಿ ಬೀಳುತ್ತದೆ. ನಾನೇ ಬರೆದ ಒಂದು ದೊಡ್ಡ ನವಿಲು ಎರಡನೇ ಮಳೆಗಾಲಕ್ಕೆ ಹೊಟ್ಟೆಯಿಂದ ಕೆಳಗೆ ಇರಲಿಲ್ಲ. ಗೋಡೆ ಒಣಗಲು ಇನ್ನೂ ಹದಿನೈದು ದಿನ ಬಿಡಿ ಎಂದು ಕೇಳಿದ್ದೆ. ಉದ್ಘಾಟನೆಯ ದಿನ ನಿಗದಿಯಾಗಿದೆ ಎಂದರು. ಆ ಸಿಪ್ಪೆ ಎಲ್ಲಾ ಗಟಾರಕ್ಕೇ ಹೋಯಿತು. ಕಣ್ಣಾರೆ ನೋಡಿದ್ದೇನೆ.

ಎನಾಮಲ್, ಅಂದರೆ ಎಣ್ಣೆ ಬಣ್ಣ, ಅಂತೂ ಬೇಡವೇ ಬೇಡ. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ 2017ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ಅದಕ್ಕೂ ಹಿಂದೆ ಹಚ್ಚಿದ ಎನಾಮಲ್ ಗೋಡೆಯ ಮೇಲೆ ಇದ್ದರೆ ಅದನ್ನು ಒಣಗಿದ್ದಾಗ ಕೆರೆದು ಧೂಳು ಎಬ್ಬಿಸಬೇಡಿ. ಒದ್ದೆ ಮಾಡಿ, ಕೆಳಗೆ ತಾಡಪತ್ರಿ ಹಾಸಿ, ಬಿದ್ದದ್ದನ್ನೆಲ್ಲಾ ಕಟ್ಟಿ ಇಡಬೇಕು. ಕೆರೆಯುವ ಹುಡುಗರಿಗೆ ಮಾಸ್ಕ್ ಕೊಡಿ. ನಮ್ಮ ಕಾಲದಲ್ಲಿ ಯಾರೂ ಕೊಡಲಿಲ್ಲ.

ಅಂಗಡಿ ಗಲ್ಲೆಯಿಂದ

ದುಡ್ಡು ಕೂಡಿಸುತ್ತಿರುವವರಲ್ಲಿ ನಾನೂ ಒಬ್ಬ. ಟೊಂಗೆಯ ಮಾತಿಗೆ ತಲೆಯಾಡಿಸಿದವರಲ್ಲಿ ನಾನೂ ಇದ್ದೆ. ತಪ್ಪಾಯಿತು, ಅಷ್ಟು ದೂರ ಯೋಚಿಸಿರಲಿಲ್ಲ.

ಆದರೆ ಅಣ್ಣ, ನಮ್ಮ ಕಷ್ಟವನ್ನೂ ಕೇಳಿ. ಆ ಗೋಡೆಯ ಬುಡದಲ್ಲಿ ದಿನಾ ಕಸ ಬೀಳುತ್ತದೆ. ಗಂಡಸರು ಅಲ್ಲೇ ನಿಂತು ಉಚ್ಚೆ ಹೊಯ್ಯುತ್ತಾರೆ. ಹೆಣ್ಣುಮಕ್ಕಳು ರಸ್ತೆ ದಾಟಿ ಆಚೆ ಬದಿಯಿಂದ ಹೋಗುತ್ತಾರೆ. ಚಿತ್ರ ಬರೆದರೆ ಜನ ಹಿಂಜರಿಯುತ್ತಾರೆ, ಜಾಗ ಚೊಕ್ಕ ಆಗುತ್ತದೆ ಎಂದೇ ನಾವು ಹೊರಟದ್ದು. ಇನ್ನೊಂದು, ನೇರಳೆ ಹಣ್ಣಿನ ಕಾಲದಲ್ಲಿ ಗೋಡೆ, ರಸ್ತೆ ಎಲ್ಲಾ ನೀಲಿ. ಹೊಸ ಚಿತ್ರದ ಮೇಲೆ ಹಣ್ಣು ಬಿದ್ದರೆ ಏನು ಗತಿ ಎಂಬ ಚಿಂತೆ ಇತ್ತು.

ಚಿತ್ರಕಲಾ ಮೇಷ್ಟ್ರು, ನಿವೃತ್ತ

ಈ ಚರ್ಚೆ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಬ್ರಷ್ ಕೆಲಸದ ತಮ್ಮ ಹೇಳಿದ್ದು ಪೂರ್ತಿ ಸರಿ. ಅವರ ಮಾತಿನಲ್ಲೇ ಉತ್ತರವೂ ಇದೆ. ನಮ್ಮ ಕೆಂಪುಕಲ್ಲಿಗೆ, ನಮ್ಮ ಮಳೆಗೆ ಹೊಂದುವ ಗೋಡೆಚಿತ್ರ ನಮ್ಮಲ್ಲೇ ಇದೆ. ಅದು ಕಾವಿ ಕಲೆ.

ನಮ್ಮ ಮಾರಿಕಾಂಬೆ ಗುಡಿಯಲ್ಲಿ ನೀವೆಲ್ಲಾ ನೋಡಿದ್ದೀರಿ. ಗೋಕರ್ಣ, ಕುಮಟಾ, ಅಂಕೋಲೆ ಕಡೆಯಿಂದ ಗೋವಾದವರೆಗೆ ಹಳೆಯ ಗುಡಿ, ಮನೆಗಳಲ್ಲಿ ಇತ್ತು. ಎರಡೇ ಬಣ್ಣ, ಬಿಳಿ ಮತ್ತು ಕೆಂಪು. ಬಿಳಿ ಎಂದರೆ ಸುಣ್ಣ, ಕೆಂಪು ಎಂದರೆ ಮಣ್ಣು. ಇದರಲ್ಲಿ ಬ್ರಷ್ ಹಿಡಿದು ಬರೆಯುವುದಿಲ್ಲ, ಕೆತ್ತುತ್ತಾರೆ.

ಕೆಲಸ ಹೀಗೆ. ಕಡಲಿನ, ಹೊಳೆಯ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುತ್ತಾರೆ. ಅದಕ್ಕೆ ತೊಳೆದ ಮರಳು, ಬೆಲ್ಲದ ನೀರು ಸೇರಿಸಿ ಒಂದೆರಡು ವಾರ ಕೊಳೆಯಲು ಬಿಡುತ್ತಾರೆ. ಆಮೇಲೆ ಬೆಣ್ಣೆಯ ಹಾಗೆ ನುಣ್ಣಗಾಗುವವರೆಗೆ ಕುಟ್ಟುತ್ತಾರೆ. ಗೋಡೆಗೆ ಇದರ ಗಾರೆ ಹಾಕಿ ನಯ ಮಾಡಿ, ಮೇಲೆ ಕೆಮ್ಮಣ್ಣಿನ ತೆಳ್ಳನೆಯ ಪದರ ಕೊಡುತ್ತಾರೆ. ಹಸಿ ಇರುವಾಗಲೇ ಚೂಪಾದ ಕಬ್ಬಿಣದ ಮೊನೆಯಿಂದ ಗೆರೆ ಎಳೆದು, ಬೇಡವಾದ ಕಡೆ ಕೆಂಪನ್ನು ಹೆರೆದು ತೆಗೆಯುತ್ತಾರೆ. ಒಳಗಿನ ಬಿಳಿ ಹೊರಗೆ ಬರುತ್ತದೆ. ತಪ್ಪಾದರೆ ತಿದ್ದಲು ಆಗುವುದಿಲ್ಲ. ನನ್ನ ಚಿಕ್ಕಂದಿನಲ್ಲಿ ಒಬ್ಬ ಅಜ್ಜ ಗುಡಿಯೊಂದರಲ್ಲಿ ಬಳ್ಳಿಯ ಸುರುಳಿ ಹೆರೆಯುವುದನ್ನು ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿದ್ದೆ. ಊಟಕ್ಕೆ ಕರೆದರೂ ಏಳಲಿಲ್ಲ. ನಾನು ಚಿತ್ರಕಲೆಗೆ ಬಂದದ್ದು ಅವತ್ತೇ.

ಸುಟ್ಟ ಚಿಪ್ಪು ನೀರು ಕುಡಿದು ಸುಣ್ಣವಾಗುತ್ತದೆ. ಗೋಡೆಯ ಮೇಲೆ ನಿಧಾನವಾಗಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಚಿಪ್ಪಿನಂಥದೇ ಕಲ್ಲಾಗುತ್ತದೆ. ಬಣ್ಣ ಅದರೊಳಗೇ ಸೇರಿಹೋಗುತ್ತದೆ. ಅದಕ್ಕೇ ಸಿಪ್ಪೆ ಏಳುವುದಿಲ್ಲ. ಗೋಡೆಯ ತೇವ ಅದರ ಮೂಲಕ ಹೊರಗೆ ಹೋಗುತ್ತದೆ.

ಇನ್ನೊಂದು ಮಾತು, ಅಂಗಡಿಯವರು ದಯವಿಟ್ಟು ಗಮನಿಸಿ. ಸುಣ್ಣದ ಗಾರೆ ಬಿಸಿಲಿಗೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ದಿನಗಟ್ಟಲೆ ತೇವ ಇಟ್ಟು ನೆರಳಿನಲ್ಲಿ ಹದ ಮಾಡಬೇಕು. ನೀವು ಕಡಿಯಲು ಹೊರಟ ಆ ಎರಡು ಟೊಂಗೆ ಇದೆಯಲ್ಲ, ಅದರ ನೆರಳೇ ಈ ಕೆಲಸಕ್ಕೆ ಬೇಕಾದದ್ದು.

ಶಿರಸಿ ಪೇಟೆ ಓಣಿಯವ

ಮೇಷ್ಟ್ರೇ, ಕೊನೆಯ ಸಾಲು ಓದಿ ಎದ್ದು ಹೋಗಿ ಮರದ ಕೆಳಗೆ ನಿಂತು ಬಂದೆ. ಮಧ್ಯಾಹ್ನ ಗೋಡೆಯ ಮುಕ್ಕಾಲು ಭಾಗಕ್ಕೆ ನೆರಳು ಬರುತ್ತದೆ.

ಬ್ರಷ್ ಕೆಲಸದವ

ಮೇಷ್ಟ್ರಿಗೆ ನಮಸ್ಕಾರ. ಕಾವಿ ಕೇಳಲು ಚೆಂದ, ನಾನೂ ಕಲಿಯಬೇಕು. ಎರಡು ಅನುಮಾನ. ಗುಡಿಯ ಕಾವಿ ಉಳಿದದ್ದು ಮಾಡಿನ ಕೆಳಗೆ ಇದ್ದುದರಿಂದ. ಇದು ಬಯಲು ಗೋಡೆ. ಶಿರಸಿಯ ಆಷಾಢದ ಮಳೆ ಅಡ್ಡ ಹೊಡೆಯುತ್ತದೆ. ಎರಡನೆಯದು, ಈ ಗೋಡೆಯ ಅರ್ಧಕ್ಕೆ ಈಗಾಗಲೇ ಎಮಲ್ಷನ್ ಇದೆ. ಅದರ ಮೇಲೆ ಸುಣ್ಣ ಕೂರುವುದಿಲ್ಲ.

ಚಿತ್ರಕಲಾ ಮೇಷ್ಟ್ರು, ನಿವೃತ್ತ

ಎರಡೂ ನಿಜ. ಗೋಡೆಯ ತಲೆಯ ಮೇಲೆ ಹಂಚಿನ ಸಣ್ಣ ಸೂರು ಇಳಿಸಬೇಕು, ಒಂದೂವರೆ ಅಡಿ ಮುಂದೆ ಬಂದರೂ ಸಾಕು. ಹಳೆಯ ಮನೆ ಕೆಡವಿದ ಕಡೆ ಹಂಚು ಸುಮ್ನೆ ಬಿದ್ದಿರುತ್ತದೆ. ಮೊದಲ ಎರಡು ಮಳೆಗಾಲ ಅಡಿಕೆ ಸೋಗೆಯ ತಟ್ಟಿ ಕಟ್ಟೋಣ. ನಮ್ಮ ಮಣ್ಣಿನ ಗೋಡೆಗಳನ್ನು ಹಿರಿಯರು ಕಾಪಾಡಿದ್ದು ಹಾಗೇ ಅಲ್ವಾ?

ಎಮಲ್ಷನ್ ಇರುವ ಅರ್ಧವನ್ನು ಈ ವರ್ಷ ಮುಟ್ಟುವುದು ಬೇಡ. ಅರ್ಧ ಗೋಡೆ ಸಾಕು. ಮಳೆ ಹೋಗಿ ನೆಲ ಆರಿದ ಮೇಲೆ, ನವೆಂಬರ್ ಕೊನೆಗೆ ಶುರು ಮಾಡಿದರೆ ಸಮಯ ಸಿಗುತ್ತದೆ.

ಭೂಮಿಹುಣ್ಣಿಮೆ

ಕರಡಿನ ಅಂಚಿಗೆ ಚಿತ್ತಾರದ ಗೆರೆ ಹಾಕುತ್ತಾರಂತೆ ಎಂದು ಗೆಳತಿ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಸಿದ್ದಾಪುರ ಕಡೆಯ ದೀವರ ಮನೆಯವಳು.

ಹಸೆ ಚಿತ್ತಾರ ನಮ್ಮಲ್ಲಿ ಹೆಂಗಸರ ಕೆಲಸ. ಮದುವೆ ಮನೆಯ ಗೋಡೆಗೆ ಬರೆಯುತ್ತೇವೆ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕಪ್ಪಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬ್ರಷ್ ಎಂದರೆ ಪುಂಡಿ ನಾರು. ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಸಾರಿಸಿ ಅದರ ಮೇಲೆ ಚಿತ್ತಾರ ಬರೆಯುತ್ತೇವೆ. ಬೆಳಗಾಗುವ ಮೊದಲು ಅದರಲ್ಲಿ ಎಡೆ ಹೊತ್ತುಕೊಂಡು ಗದ್ದೆಗೆ ಹೋಗುತ್ತೇವೆ. ಬಸುರಿ ಭೂಮಿಗೆ ಬಯಕೆ ಊಟ ಅದು. ಆ ಗೆರೆಗೆ ಹೊಲ, ಪೈರು, ಹಬ್ಬ ಎಲ್ಲಾ ಸೇರಿಕೊಂಡಿದೆ. ನೋಡಲು ಚೆಂದ ಎಂದು ಕಿತ್ತು ತಂದು ಅಂಚಿಗೆ ಅಂಟಿಸಿದರೆ ನನಗೆ ನೋವಾಗುತ್ತದೆ.

ಬೇಡ ಎನ್ನುತ್ತಿಲ್ಲ. ಬರೆಯುವುದಾದರೆ ನಮ್ಮ ಹೆಂಗಸರನ್ನು ಕರೆಯಿರಿ. ಅವರ ಒಂದು ದಿನದ ಗದ್ದೆ ಕೆಲಸ ತಪ್ಪುತ್ತದೆ, ಅದರ ಕೂಲಿ ಕೊಡಿ, ಬಸ್ಸಿನ ದುಡ್ಡು ಕೊಡಿ. ಬರೆದವರ ಹೆಸರು ಗೋಡೆಯ ಮೇಲೆ ಇರಲಿ. ಹಿಂದೆ ಒಂದು ಕಡೆ ನಮ್ಮತ್ತೆ ಎರಡು ದಿನ ನಿಂತು ಬರೆದು ಬಂದಿದ್ದರು. ದುಡ್ಡು ಕೊಟ್ಟವರ ಹೆಸರು ದೊಡ್ಡದಾಗಿ ಬಂತು. ಅತ್ತೆಯ ಹೆಸರು ಎಲ್ಲೂ ಇರಲಿಲ್ಲ. ಅವರು ಏನೂ ಹೇಳಲಿಲ್ಲ, ಆದರೆ ಮತ್ತೆ ಎಲ್ಲಿಗೂ ಹೋಗಲಿಲ್ಲ.

ಅಕ್ಕಿ ಹಿಟ್ಟಿನ ಬಿಳಿ ಮಳೆಗೆ ನಿಲ್ಲುವುದಿಲ್ಲ, ಅದೂ ಗೊತ್ತಿರಲಿ. ಉಳಿಯಲಿ ಎಂದು ಬರೆಯುವುದೂ ಅಲ್ಲ. ಮುಂದಿನ ಹಬ್ಬಕ್ಕೆ ಮತ್ತೆ ಬರೆಯುತ್ತೇವೆ.

ಅಂಗಡಿ ಗಲ್ಲೆಯಿಂದ

ಅಕ್ಕ, ಕೂಲಿ ಮತ್ತು ಹೆಸರಿನ ಮಾತು ನಾನು ಸಭೆಯಲ್ಲಿ ಎತ್ತುತ್ತೇನೆ. ಮೂಲೆಯಲ್ಲಿ ಅಂಗಡಿಗಳ ಜಾಹೀರಾತು ಹಾಕುವ ಯೋಚನೆ ಇತ್ತು. ಅದನ್ನು ಕೈಬಿಡೋಣ ಎಂದೂ ಹೇಳುತ್ತೇನೆ.

ಬನವಾಸಿ ರಸ್ತೆ

ಜಾಹೀರಾತು ಹೇಗೂ ಹಾಗೆಲ್ಲಾ ಹಾಕಲು ಬರುವುದಿಲ್ಲ. ಬಯಲು ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು 1981ರಲ್ಲೇ ರಾಜ್ಯದಲ್ಲಿ ಕಾಯ್ದೆ ಬಂದಿದೆ. ಮಾಲೀಕರು ಒಪ್ಪಿದರೂ ನಗರಸಭೆಗೆ ಒಂದು ಅರ್ಜಿ ಕೊಟ್ಟು ಲಿಖಿತ ಒಪ್ಪಿಗೆ ತಗೊಳ್ಳಿ. ಮರದ ವಿಷಯಕ್ಕೆ 1976ರ ವೃಕ್ಷ ಸಂರಕ್ಷಣೆ ಕಾಯ್ದೆ ಇದೆ. ಮನಸ್ಸಿಗೆ ಬಂದ ಹಾಗೆ ಕೊಡಲಿ ಹಾಕಲು ಆಗುವುದಿಲ್ಲ.

ಮರಕ್ಕೇ ಚಿತ್ರ ಬರೆಯುವವರೂ ಇದ್ದಾರೆ, ಅದನ್ನೂ ಬೇಡ ಎಂದು ಹೇಳಿ. ತೊಗಟೆಯಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತದೆ, ಮರ ಉಸಿರಾಡುವುದು ಅಲ್ಲಿಂದಲೂ. ಎಣ್ಣೆ ಬಣ್ಣ ಅದನ್ನು ಮುಚ್ಚುತ್ತದೆ. ಬೋರ್ಡ್ ಹೊಡೆದ ಮೊಳೆ ಇದ್ದರೆ ಕೀಳಿ. ಬುಡಕ್ಕೆ ಕಾಂಕ್ರೀಟ್ ಹಾಕಿದ್ದರೆ ಸುತ್ತ ನಾಲ್ಕು ಅಡಿಯಾದರೂ ಒಡೆದು ಮಣ್ಣು ಬಿಡಿ.

ಕಾರವಾರ ಕಡಲದಂಡೆ

ಕಾರವಾರದಿಂದ ಓದುತ್ತಿದ್ದೇನೆ. ನಮ್ಮಲ್ಲಿ ಠಾಗೋರ್ ಕಡಲತೀರದಲ್ಲಿ ರಾಕ್ ಗಾರ್ಡನ್ ಇದೆ. ಹಾಲಕ್ಕಿ, ಸಿದ್ದಿ ಮುಂತಾದ ನಮ್ಮ ಜಿಲ್ಲೆಯ ಜನರ ಬದುಕನ್ನು ಆಳೆತ್ತರದ ಬೊಂಬೆಗಳಲ್ಲಿ ಮಾಡಿದ್ದಾರೆ. ಪಕ್ಕದಲ್ಲೇ ನೌಕಾಪಡೆಯ ಹಳೆಯ ಐಎನ್ಎಸ್ ಚಪಲ್ ಹಡಗು ನಿಂತಿದೆ. ಮಕ್ಕಳಿಗೆ ತುಂಬಾ ಇಷ್ಟ. ಆದರೆ ಉಪ್ಪು ಗಾಳಿ ಯಾವುದನ್ನೂ ಬಿಡುವುದಿಲ್ಲ. ಕಬ್ಬಿಣಕ್ಕೆ ತುಕ್ಕು, ಸಿಮೆಂಟಿಗೆ ಬಿರುಕು. ನಾನು ಹೇಳುವುದಿಷ್ಟೇ, ಕೂಡಿಸಿದ ದುಡ್ಡನ್ನೆಲ್ಲಾ ಮೊದಲ ವರ್ಷವೇ ಖರ್ಚು ಮಾಡಬೇಡಿ. ಮೂರನೇ ವರ್ಷದ ರಿಪೇರಿಗೆ ಈಗಲೇ ಎತ್ತಿಡಿ.

ರಾತ್ರಿ ಚಿತ್ರದ ಮೇಲೆ ಲೈಟ್ ಬಿಡುವ ಯೋಚನೆ ಇದ್ದರೆ ಅದನ್ನೂ ಎರಡು ಸಲ ಯೋಚಿಸಿ. ನಮ್ಮ ದಂಡೆಗೆ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಮರಿ ಹೊರಗೆ ಬಂದಾಗ ಬೆಳಕು ಇರುವ ಕಡೆ ಹೋಗುತ್ತದೆ. ಮೊದಲೆಲ್ಲಾ ಅದು ಕಡಲಿನ ಬೆಳಕು. ಈಗ ಊರಿನ ಲೈಟ್. ರಸ್ತೆಯ ಕಡೆ ತೆವಳುವ ಮರಿಯನ್ನು ಒಮ್ಮೆ ನೋಡಿದರೆ ಜಗಮಗ ಲೈಟಿನ ಆಸೆ ಹೋಗುತ್ತದೆ. ನಿಮ್ಮಲ್ಲಿ ಆಮೆ ಇಲ್ಲ, ಆದರೆ ನೇರಳೆ ಮರದಲ್ಲಿ ಹಕ್ಕಿ ಮಲಗುತ್ತದೆ.

ಗುಡಿಗಾರ ಓಣಿ

ನಮ್ಮದು ಮರ ಕೆತ್ತುವ ಗುಡಿಗಾರರ ಮನೆ. ಅಜ್ಜಿ ಬೆಂಡಿನಲ್ಲಿ ಬಾಸಿಂಗ, ದಂಡೆ ಮಾಡುತ್ತಿದ್ದಳು. ಬೆಂಡಿನ ಗಿಡ ಬೆಳೆಯುವುದು ಕೆರೆಯ, ಜೌಗಿನ ನೀರಿನಲ್ಲಿ. ಕೆರೆ ಹೂಳು ತುಂಬಿದರೆ, ಮುಚ್ಚಿ ಸೈಟ್ ಮಾಡಿದರೆ ಬೆಂಡು ಇಲ್ಲ. ಬೆಂಡು ಇಲ್ಲದಿದ್ದರೆ ಕೈಕಸುಬು ಇಲ್ಲ. ಆ ಜಾಗಕ್ಕೆ ಥರ್ಮಾಕೋಲ್ ಬಂತು. ಮದುವೆ ಮುಗಿದ ಮರುದಿನ ಅದು ಗಟಾರದಲ್ಲಿ ತೇಲುತ್ತದೆ. ಅಜ್ಜಿ ಕಟ್ಟಿದ ಬೆಂಡಿನ ಬಾಸಿಂಗ ಗೊಬ್ಬರದ ಗುಂಡಿಗೆ ಹಾಕಿದರೆ ಮಣ್ಣಾಗುತ್ತಿತ್ತು. ಕಲೆ ಉಳಿಸಿ, ಕೆರೆ ಉಳಿಸಿ ಎಂದು ಬೇರೆ ಬೇರೆ ಬೋರ್ಡ್ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅದು ಎರಡು ಕೆಲಸ ಆಗಿರಲೇ ಇಲ್ಲ.

ಗೋಡೆಯ ಕೆಲಸಕ್ಕೆ ನಾನು ಬರುತ್ತೇನೆ. ಹೆರೆಯುವ ಕೈ ನಮಗೆ ಇದೆ. ಮರದ ಮೇಲೆ ಹೆರೆದವರು ಗಾರೆಯ ಮೇಲೂ ಕಲಿಯಬಹುದು.

ಅಘನಾಶಿನಿ ಬಾಯಿ

ಗಟಾರದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೊದಲು ಬರೆದವರು ಕೇಳಿದ್ದರು. ನಮ್ಮ ಕಡೆಗೆ ಬರುತ್ತದೆ ಅಣ್ಣ. ನಾನು ಕುಮಟಾ ತಾಲೂಕಿನ ಹಿನ್ನೀರಿನ ಊರಿನವನು.

ನಮ್ಮ ಹೊಳೆಗೆ ದೊಡ್ಡ ಅಣೆಕಟ್ಟು ಇಲ್ಲ. ಅದಕ್ಕೇ ಘಟ್ಟದ ನೀರು, ಘಟ್ಟದ ಮಣ್ಣು ನೇರ ಇಳಿಯುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕೊನೆಗೆ ಉಬ್ಬರದ ಉಪ್ಪುನೀರಿಗೆ ಸೇರುತ್ತದೆ. ಸಿಹಿ, ಉಪ್ಪು ಹದವಾಗಿ ಬೆರೆಯುವ ಕಡೆ ಬಳಚು ಎಂಬ ಚಿಪ್ಪಿನ ಜೀವ ಬೆಳೆಯುತ್ತದೆ. ಇಳಿತದ ಹೊತ್ತಿಗೆ ನಮ್ಮ ಮನೆಯ ಹೆಂಗಸರು, ಗಂಡಸರು ಸೊಂಟಮಟ್ಟ ನೀರಿನಲ್ಲಿ ನಿಂತು ಕಾಲಿನಿಂದ ತಡಕಿ ಬಳಚು ತೆಗೆಯುತ್ತಾರೆ. ಮಾಂಸ ಊಟಕ್ಕೆ, ಸಂತೆಗೆ. ಚಿಪ್ಪು ಸುಣ್ಣಕ್ಕೆ. 2024ರ ಜನವರಿಯಲ್ಲಿ ನಮ್ಮ ಅಳಿವೆಯನ್ನು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿಸಿದರು. ಸಂತೋಷವೇ. ಆದರೆ ಬಳಚು ನೀರನ್ನು ಸೋಸಿ ಬದುಕುವ ಜೀವ. ನೀರಿನಲ್ಲಿ ಏನು ಬಂದರೂ ಅದರ ಹೊಟ್ಟೆಗೆ ಹೋಗುತ್ತದೆ. ಅಲ್ಲಿಂದ ನಮ್ಮ ಹೊಟ್ಟೆಗೆ.

ಶಿರಸಿಯ ಗೋಡೆಯ ಬಗ್ಗೆ ಕುಮಟಾದವನಿಗೆ ಏನು ಎಂದು ಅಂದುಕೊಳ್ಳಬೇಡಿ. ಮೇಷ್ಟ್ರು ಹೇಳಿದ ಸುಣ್ಣ ನಮ್ಮ ಚಿಪ್ಪಿನದು. ನೀವು ಮೇಲಿನಿಂದ ಕಳಿಸಿದ ನೀರು ಚೊಕ್ಕ ಇದ್ದರೆ ಚಿಪ್ಪು ಇರುತ್ತದೆ. ಚಿಪ್ಪು ಇದ್ದರೆ ನಿಮ್ಮ ಗೋಡೆಗೆ ಬಿಳಿ ಇರುತ್ತದೆ. ಕರಡಿನಲ್ಲಿ ಉಂಚಳ್ಳಿ ಬರೆದಿದ್ದೀರಂತೆ. ಅಲ್ಲಿಗೆ ನಿಲ್ಲಿಸಬೇಡಿ. ಹೊಳೆಯನ್ನು ನಮ್ಮ ತನಕ ತಂದು ಬಿಡಿ. ಗೋಡೆಯ ಒಂದು ತುದಿಯಲ್ಲಿ ಶಂಕರ ಹೊಂಡ, ಇನ್ನೊಂದು ತುದಿಯಲ್ಲಿ ಬಳಚು ತೆಗೆಯುವ ಹೆಂಗಸರು.

ಚಿತ್ರಕಲಾ ಮೇಷ್ಟ್ರು, ನಿವೃತ್ತ

ಇದಕ್ಕಿಂತ ಒಳ್ಳೆಯ ನಕ್ಷೆ ನನ್ನಿಂದ ಆಗುತ್ತಿರಲಿಲ್ಲ. ಎರಡೇ ಬಣ್ಣದಲ್ಲಿ ಉದ್ದಕ್ಕೂ ಒಂದು ಹೊಳೆ. ಕಾವಿಗೆ ಹೇಳಿ ಮಾಡಿಸಿದ ಹಾಗೆ ಇದೆ. ಸ್ವಾದಿಯ ಅರಸು ಸದಾಶಿವರಾಯರ ಕಾಲದ ಸಹಸ್ರಲಿಂಗ ನೋಡಿ. ಶಾಲ್ಮಲಾ ಹೊಳೆಯ ಬಂಡೆಗಳಿಗೇ ಲಿಂಗ ಕೆತ್ತಿಸಿದರು. ಮಳೆಗಾಲದಲ್ಲಿ ಹೊಳೆ ಮುಚ್ಚುತ್ತದೆ, ಬೇಸಿಗೆಯಲ್ಲಿ ತೋರಿಸುತ್ತದೆ. ಮುನ್ನೂರು ವರ್ಷವಾದರೂ ಆ ಕೆಲಸದಿಂದ ಹೊಳೆಗೆ ಒಂದು ಚೂರು ಕೆಡುಕಾಗಿಲ್ಲ. ನಾವು ಅಷ್ಟು ದೊಡ್ಡ ಕೆಲಸ ಮಾಡಲಾರೆವು. ಅವರ ಹಾಗೆ ಕೆಡುಕು ಮಾಡದೆ ಇರಬಹುದು.

ಶಿರಸಿ ಪೇಟೆ ಓಣಿಯವ

ನಿನ್ನೆ ಸಂಜೆ ಮತ್ತೆ ಸಭೆ ಆಯಿತು. ಇಲ್ಲಿನ ಬರಹಗಳನ್ನು ಓದಿ ಹೇಳಿದೆ. ಭೂಮಿಹುಣ್ಣಿಮೆ ಅಕ್ಕನ ಮಾತು ಓದುವಾಗ ಎಲ್ಲರೂ ಸುಮ್ಮನಾದರು. ಕರಡು ಬರೆದ ಹುಡುಗ ಅಂಚಿನ ಚಿತ್ತಾರವನ್ನು ಅಲ್ಲೇ ರಬ್ಬರ್ ಹಾಕಿ ಅಳಿಸಿದ. ಅಕ್ಕನ ಕಡೆಯವರು ಒಪ್ಪಿದರೆ ಭೂಮಿ ಹುಣ್ಣಿಮೆಗೆ ಬೇರೆ ಜಾಗದಲ್ಲಿ, ಕೂಲಿ ಕೊಟ್ಟು, ಅವರೇ ಬರೆಯಲಿ ಎಂದಾಯಿತು.

ಟೊಂಗೆ ಕಡಿಯುವುದಿಲ್ಲ. ಅಪ್ಪಿಕೋ ಚಿತ್ರ ಮರದ ಕಾಂಡದ ಹಿಂದೆ ಬರುತ್ತದೆ. ನಡೆದುಕೊಂಡು ಹೋಗುವವರಿಗೆ ಮರ ದಾಟಿದ ಮೇಲೆ ಕಾಣುತ್ತದೆ. ಹುಡುಗನಿಗೆ ಅದೇ ಇಷ್ಟವಾಗಿದೆ, ನಿಜವಾದ ಮರದ ಬದಿಯಲ್ಲೇ ಅಪ್ಪಿಕೊಂಡ ಕೈ ಬರೆಯುತ್ತಾನಂತೆ. ಹಣ್ಣು ಬಿದ್ದು ಕಲೆಯಾದರೆ ಆಗಲಿ ಎಂದು ಅಂಗಡಿಯ ಅಣ್ಣನೇ ಹೇಳಿದರು.

ಮೊದಲ ದುಡ್ಡು ಗಟಾರಕ್ಕೆ. ಹೂಳು ತೆಗೆದು, ಹೊಂಡದ ಕಡೆ ತಿರುಗುವ ಮುಂಚೆ ಕಸ ಹಿಡಿಯುವ ಜಾಲರಿ ಕೂರಿಸಲು ನಗರಸಭೆಗೆ ಅರ್ಜಿ ಕೊಡುತ್ತಿದ್ದೇವೆ. ಜಾಲರಿಯ ಕಸ ವಾರಕ್ಕೆ ಎರಡು ಸಲ ತೆಗೆಯಲು ನಾಲ್ಕು ಅಂಗಡಿಯವರು ಪಾಳಿ ಒಪ್ಪಿದ್ದಾರೆ. ಗಂಡಸರ ವಿಷಯಕ್ಕೆ ಚಿತ್ರ ಸಾಲುವುದಿಲ್ಲ, ಹತ್ತಿರದಲ್ಲಿ ಒಂದು ಮೂತ್ರಾಲಯ ಬೇಕು. ಅದೂ ಅರ್ಜಿಯಲ್ಲಿದೆ.

ಈಗ ನಮಗೆ ಬೇಕಾದದ್ದು ಸುಣ್ಣ. ಅಂಗಡಿಯ ಪುಡಿ ಸುಣ್ಣ ಬೇಡ ಎನ್ನುತ್ತಾರೆ ಮೇಷ್ಟ್ರು.

ಅಘನಾಶಿನಿ ಬಾಯಿ

ನಮ್ಮೂರಿನಲ್ಲಿ ಚಿಪ್ಪು ಸುಡುವ ಮನೆಯವರನ್ನು ಕೇಳಿದೆ. ನವೆಂಬರಿಗೆ ಆರು ಚೀಲ ಕೊಡುತ್ತಾರೆ. ದುಡ್ಡು ನೇರ ಅವರ ಕೈಗೇ ಕೊಡಿ. ನಮ್ಮ ಮೀನಿನ ಗಾಡಿ ಘಟ್ಟ ಹತ್ತಿ ಬರುತ್ತದೆ, ಅದರಲ್ಲಿ ಬೇಡ, ಒದ್ದೆಯಾದರೆ ದಾರಿಯಲ್ಲೇ ಕುದಿಯುತ್ತದೆ. ಬೇರೆ ಒಣ ಗಾಡಿ ಕಳಿಸಿ, ಮೇಲೆ ತಾಡಪತ್ರಿ ಇರಲಿ. ಅಲ್ಲಿ ಸುಟ್ಟ ಚಿಪ್ಪನ್ನು ನೀರಿನಲ್ಲಿ ಅರಳಿಸುವಾಗ ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಸುಣ್ಣಕ್ಕೆ ನೀರು ಸುರಿಯಬೇಡಿ. ತೊಟ್ಟಿಯಲ್ಲಿ ನೀರು ಮೊದಲು, ಅದಕ್ಕೆ ಸುಟ್ಟ ಚಿಪ್ಪು ಸ್ವಲ್ಪ ಸ್ವಲ್ಪವೇ ಹಾಕಿ. ನಾನೂ ಅವತ್ತು ಬರುತ್ತೇನೆ. ಶಂಕರ ಹೊಂಡ ನಾನು ಇನ್ನೂ ನೋಡಿಲ್ಲ.